ಉಟ್ಟಿದ್ದು, ತೊಟ್ಟಿದ್ದು, ಹಾಕಿಕೊಂಡಿದ್ದು

ನಮ್ಮ ಬೀದಿಯ ಕೊನೆಯಲ್ಲಿ ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಹಾಕಿಕೊಡುವ ಪುಟ್ಟ ಅಂಗಡಿಯಿದೆ. ಹೋದ ವರ್ಷ ಅದರ ಬೋರ್ಡಿಗೆ ಹೊಸ ಸಾಲೊಂದು ಸೇರಿತು: ‘ಸೀರೆ ಪ್ರೀ ಪ್ಲೀಟಿಂಗ್ ಮಾಡಿಕೊಡಲಾಗುವುದು’. ಸೊಂಟದ ಅಳತೆ, ಎತ್ತರ ಹೇಳಿ ಸೀರೆ ಕೊಟ್ಟರೆ ಸಾಕು. ನೆರಿಗೆ ಹಿಡಿದು, ಇಸ್ತ್ರಿ ಹಾಕಿ, ಪಿನ್ನು ಚುಚ್ಚಿ, ಡಬ್ಬಿಯ ಹಾಗೆ ಮಡಚಿ ಕೊಡುತ್ತಾರೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಅಲ್ಲಿ ದೀಪ ಆರುವುದಿಲ್ಲ. ನಮ್ಮಕ್ಕನ ಮಗಳು ಅಲ್ಲಿಂದ ತಂದ ಸೀರೆಯಲ್ಲಿ ಐದೇ ನಿಮಿಷಕ್ಕೆ ತಯಾರಾಗಿ ಬಂದು, “ಅಜ್ಜಿ, ಸೀರೆ ಹಾಕ್ಕೊಂಡೆ, ಹೇಗಿದೆ?” ಅಂದಳು. ಅಮ್ಮ ಸೀರೆ ನೋಡಲಿಲ್ಲ, ಮಾತು ಹಿಡಿದುಕೊಂಡಳು. “ಸೀರೆ ಹಾಕ್ಕೊಳ್ಳೋದಲ್ಲ ಕಣೇ, ಉಡೋದು.”

ಅಮ್ಮ ಹೇಳಿದ್ದು ಸರಿ. ಕನ್ನಡದಲ್ಲಿ ಸೀರೆ ಉಡುತ್ತೇವೆ. ಕುಪ್ಪಸ ತೊಡುತ್ತೇವೆ, ಬಳೆ ತೊಡುತ್ತೇವೆ. ಶಾಲು ಹೊದೆಯುತ್ತೇವೆ, ಹೂ ಮುಡಿಯುತ್ತೇವೆ. ಚೂಡಿದಾರ, ಜೀನ್ಸ್, ನೈಟಿ ಬಂದಾಗ ಮಾತ್ರ ‘ಹಾಕಿಕೊಳ್ಳುತ್ತೇವೆ’. ಹೊಲಿಗೆ ಇಲ್ಲದೆ ಮೈಗೆ ಸುತ್ತುವುದಕ್ಕೆ ಒಂದು ಮಾತು, ಮೈಗೆ ಏರಿಸುವುದಕ್ಕೆ ಇನ್ನೊಂದು, ಆಮೇಲೆ ಬಂದದ್ದಕ್ಕೆಲ್ಲ ಮೂರನೆಯದು. ಉಡುಗೆ ತೊಡುಗೆ ಎಂದು ಜೋಡಿಸಿ ಹೇಳುವಾಗ ನಾವು ಇದನ್ನು ಗಮನಿಸುವುದಿಲ್ಲ. ಆದರೆ ಈ ದೇಶದ ಹೆಂಗಸರ ಬಟ್ಟೆಯ ಕಥೆ ಈ ಮೂರು ಮಾತುಗಳ ನಡುವೆಯೇ ಓಡಾಡಿದೆ.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬಟ್ಟೆಯ ಜಗಳ ಮುಗಿಯುತ್ತಲೇ ಇಲ್ಲ. ದೇವಸ್ಥಾನದ ಬಾಗಿಲಲ್ಲಿ ‘ಸಾಂಪ್ರದಾಯಿಕ ಉಡುಪು ಕಡ್ಡಾಯ’ ಎಂಬ ಬೋರ್ಡು ಬಿದ್ದರೆ ಒಂದು ವಾರ ಗಲಾಟೆ. 2022ರಲ್ಲಿ ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಇಂಥ ಪ್ರತಿ ಜಗಳದಲ್ಲೂ ಒಬ್ಬರು ‘ಸೀರೆ ರವಿಕೆ ನಮ್ಮ ಐದು ಸಾವಿರ ವರ್ಷದ ಸಂಸ್ಕೃತಿ’ ಅನ್ನುತ್ತಾರೆ. ಇನ್ನೊಬ್ಬರು ಬೇಲೂರಿನ ಶಿಲಾಬಾಲಿಕೆಯ ಫೋಟೋ ಹಾಕಿ ‘ನೋಡಿ, ಆಗ ಎಷ್ಟು ಸ್ವಾತಂತ್ರ್ಯ ಇತ್ತು’ ಅನ್ನುತ್ತಾರೆ. ಇಬ್ಬರೂ ಕಲ್ಲನ್ನು ಸಿಸಿಟಿವಿ ದೃಶ್ಯದ ಹಾಗೆ ನೋಡುತ್ತಿದ್ದಾರೆ ಅನ್ನುವುದು ನನ್ನ ತಕರಾರು.

ಕಲ್ಲಿನ ಹತ್ತಿರ ಹೋಗದೆ ಬೇರೆ ದಾರಿ ಇಲ್ಲ ಎನ್ನುವುದೂ ನಿಜವೇ. ನಮ್ಮ ಹವೆಯಲ್ಲಿ ಬಟ್ಟೆ ಉಳಿಯುವುದಿಲ್ಲ. ಮೊಹೆಂಜೊದಾರೋದಲ್ಲಿ ಬೆಳ್ಳಿ ಪಾತ್ರೆಯೊಂದಕ್ಕೆ ಅಂಟಿಕೊಂಡು, ಮಂಜಿಷ್ಠದ ಕೆಂಪು ಬಣ್ಣ ಹಾಕಿದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ಅದನ್ನು ಹೇಗೆ ಉಡುತ್ತಿದ್ದರು ಎಂದು ಆ ಚೂರು ಹೇಳುವುದಿಲ್ಲ. ಅಲ್ಲೇ ಸಿಕ್ಕ ಹತ್ತೂವರೆ ಸೆಂಟಿಮೀಟರ್ ಎತ್ತರದ ಕಂಚಿನ ಹುಡುಗಿಯ ಮೈಮೇಲೆ ಬಟ್ಟೆಯಿಲ್ಲ. ಎಡಗೈ ತುಂಬ, ಹೆಚ್ಚುಕಡಿಮೆ ಭುಜದವರೆಗೆ ಬಳೆಗಳಿವೆ. ಬಟ್ಟೆ ಇದ್ದ ಊರಿನಲ್ಲಿ ಬಟ್ಟೆಯಿಲ್ಲದ ಗೊಂಬೆ. ಅಂದರೆ ಮೊದಲ ಪುಟದಲ್ಲೇ ಕಲೆ ಒಂದು ಹೇಳುತ್ತದೆ, ಬದುಕು ಇನ್ನೊಂದು ಹೇಳುತ್ತದೆ.

ಬೇಲೂರಿಗೆ ಹೋಗೋಣ. ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲ. ಗೈಡುಗಳು ನೇರ ದರ್ಪಣ ಸುಂದರಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನೀವು ಕೋತಿ ಇರುವ ಬಾಲಿಕೆಯನ್ನು ಹುಡುಕಿ. ಕೋತಿಯೊಂದು ಅವಳ ಬಟ್ಟೆ ಹಿಡಿದು ಜಗ್ಗುತ್ತಿದೆ, ಅವಳು ಅದನ್ನು ಗದರಿಸುತ್ತಿದ್ದಾಳೆ. ಇಡೀ ತಮಾಷೆ ನಿಂತಿರುವುದೇ ಅವಳು ಏನೋ ಉಟ್ಟಿದ್ದಾಳೆ ಎನ್ನುವುದರ ಮೇಲೆ. ಉಡದೇ ಇದ್ದರೆ ಕೋತಿಗೆ ಕೆಲಸವೇನು? ಶಿಲ್ಪಿ ಸಣ್ಣ ಬಟ್ಟೆಯನ್ನು ಕಲ್ಲಿನಲ್ಲಿ ದಪ್ಪ ಹೊದಿಕೆಯಾಗಿ ಕೆತ್ತುವುದಿಲ್ಲ. ಒಂದು ಅಂಚು, ಒಂದೆರಡು ಗೀರು, ಕಾಲ ಬಳಿ ಒಂದು ಮಡಿಕೆ, ಅಷ್ಟರಲ್ಲೇ ಬಟ್ಟೆ ಇದೆ ಎಂದು ಸೂಚಿಸಿ ಮುಂದೆ ಹೋಗುತ್ತಾನೆ.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಸಾಕ್ಷಿ ಹೆಂಗಸಿನ ಶಿಲ್ಪವೇ ಅಲ್ಲ. ಗುಪ್ತರ ಕಾಲದ ಸಾರನಾಥದ ಬುದ್ಧನ ವಿಗ್ರಹ ನೋಡಿ. ಕತ್ತಿನ ಹತ್ತಿರ ಒಂದು ಗೆರೆ, ಕೈ ಮತ್ತು ಕಾಲಿನ ಹತ್ತಿರ ಚೀವರದ, ಅಂದರೆ ಭಿಕ್ಷುಗಳು ಹೊದೆಯುವ ಬಟ್ಟೆಯ, ಅಂಚು. ನಡುವೆ ನುಣುಪಾದ ಮೈ. ಬುದ್ಧ ಬಟ್ಟೆ ಹಾಕುತ್ತಿರಲಿಲ್ಲ ಎಂದು ಯಾರೂ ವಾದ ಮಾಡುವುದಿಲ್ಲ, ಅಲ್ವಾ? ಹೆಣ್ಣಿನ ಶಿಲ್ಪ ಬಂದಾಗ ಮಾತ್ರ ನಮಗೆ ಈ ವಿವೇಕ ಕೈಕೊಡುತ್ತದೆ. ಹಾಗೆಂದು ಎಲ್ಲರೂ ಮೈತುಂಬ ಉಡುತ್ತಿದ್ದರು ಎಂದೂ ಇದರಿಂದ ಸಾಬೀತಾಗುವುದಿಲ್ಲ. ಸೊಂಟಕ್ಕೆ ಒಂದು ಬಟ್ಟೆ, ಮೇಲೆ ಇದ್ದರೆ ಒಂದು ಉತ್ತರೀಯ, ಇಲ್ಲದಿದ್ದರೆ ಬರೀ ಆಭರಣ. ಬಹಳ ಕಾಲ ಗಂಡು ಹೆಣ್ಣು ಇಬ್ಬರಿಗೂ ಇದು ಸಹಜವಾಗಿತ್ತು. ಹಳಗನ್ನಡದಲ್ಲಿ ‘ಸೀರೆ’ ಅಂದರೂ ಬಟ್ಟೆ ಎಂದೇ ಅರ್ಥವಿತ್ತು. ಹೆಂಗಸರ ಉಡುಪಿಗೆ ಮಾತ್ರ ಆ ಹೆಸರು ಅಂಟಿಕೊಂಡದ್ದು ಆಮೇಲೆ.

ಬೇಲೂರಿನ ಬಾಲಿಕೆಯರ ಶತಮಾನದಲ್ಲೇ ಅಕ್ಕಮಹಾದೇವಿ ಬದುಕಿದ್ದಳು. ಅವಳು ಬಟ್ಟೆ ಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತು. ಬಟ್ಟೆಗೆ ಬೆಲೆಯೇ ಇಲ್ಲದ ಸಮಾಜದಲ್ಲಿ ಬಟ್ಟೆ ಬಿಡುವುದು ಸುದ್ದಿಯಾಗುವುದಿಲ್ಲ. ಅವಳ ಮಾತು ಅಷ್ಟು ಚುಚ್ಚಿದ್ದೇ ಅಲ್ಲಿ ಬಟ್ಟೆಗೆ ಲೆಕ್ಕಾಚಾರ ಇತ್ತು ಎಂಬುದಕ್ಕೆ ಪುರಾವೆ. ನಂತರದ ಚಿತ್ರಕಾರರು, ಶಿಲ್ಪಿಗಳು ಅವಳಿಗೆ ಮೈತುಂಬ ಕೂದಲು ಹೊದಿಸಿದರು. ಆ ಕೂದಲನ್ನು ವರ್ಷದಿಂದ ವರ್ಷಕ್ಕೆ ದಟ್ಟ ಮಾಡುತ್ತಾ ಬಂದಿದ್ದೇವೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಹಾಗಾದರೆ ಆ ಲೆಕ್ಕಾಚಾರ ಏನು? ಅದು ಸಿಗುವುದು ಅಜಂತಾದಲ್ಲಿ. ಒಂದನೇ ಗುಹೆಯಲ್ಲಿ, ಐದನೇ ಶತಮಾನದ ಕೊನೆಯ ಹೊತ್ತಿನ ಮಹಾಜನಕ ಜಾತಕದ (ಬುದ್ಧನ ಹಿಂದಿನ ಜನ್ಮದ ಕಥೆಯೊಂದರ) ಚಿತ್ರವಿದೆ. ರಾಜನ ಪಕ್ಕ ಒರಗಿ ಕೂತ ರಾಣಿ ಸೀವಲಿಯ ಸೊಂಟದ ಮೇಲೆ ಆಭರಣ ಬಿಟ್ಟರೆ ಹೆಚ್ಚೇನಿಲ್ಲ. ಅವರ ಮುಂದೆ ಕುಣಿಯುವವಳು ಉದ್ದ ತೋಳಿನ, ಹೊಲಿದ ಉಡುಪು ತೊಟ್ಟಿದ್ದಾಳೆ. ಅಜಂತಾದ ಬೇರೆ ಕಡೆಗಳಲ್ಲೂ ಇದೇ ಕಥೆ. ಮುತ್ತು ಹವಳ ರಾಣಿಗೆ, ಹೊಲಿದ ಕುಪ್ಪಸ ದಾಸಿಯರಿಗೆ. ‘ಹೊಲಿದ ಬಟ್ಟೆ ಮುಸ್ಲಿಮರ ಜೊತೆ ಬಂತು’ ಎಂಬ ಮಾತು ಸುಳ್ಳು ಎನ್ನುವುದಕ್ಕೆ ಈ ಗೋಡೆಯೊಂದೇ ಸಾಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೈಮುಚ್ಚುವುದೇ ಮರ್ಯಾದೆ ಎಂದಾಗಿದ್ದರೆ ರಾಣಿ ಜಾಸ್ತಿ ಮುಚ್ಚಿಕೊಂಡಿರಬೇಕಿತ್ತು. ಇಲ್ಲಿ ತಿರುಗುಮುರುಗು. ಬಟ್ಟೆ ನೋಡಿ ತಿಳಿಯಬೇಕಾದದ್ದು ಯಾರು ಯಾರ ಮುಂದೆ ನಿಂತಿದ್ದಾರೆ ಅನ್ನುವುದು.

ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಜಿಗಿಯೋಣ. ಬೆಂಗಳೂರಿಂದ ಮೂರು ಗಂಟೆ ದಾರಿಯ ಲೇಪಾಕ್ಷಿಯಲ್ಲಿ, ವಿಜಯನಗರದ ಕಾಲದ ವೀರಭದ್ರ ದೇವಸ್ಥಾನದ ಚಾವಣಿ ನೋಡಲು ಕತ್ತು ಎತ್ತಿದರೆ ಸೀರೆ ಅಂಗಡಿ ಹೊಕ್ಕ ಹಾಗಿರುತ್ತದೆ. ಒಬ್ಬೊಬ್ಬಳ ಸೀರೆಗೆ ಒಂದೊಂದು ವಿನ್ಯಾಸ. ಇಂದಿಗೂ ನೇಕಾರರು ‘ಲೇಪಾಕ್ಷಿ ಅಂಚು’ ಎನ್ನುವುದು ಸುಮ್ಮನೆ ಅಲ್ಲ. ಇದಾಗಿ ನೂರು ವರ್ಷವೂ ಆಗಿರಲಿಲ್ಲ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರದಲ್ಲಿ ಒಬ್ಬ ಚಿತ್ರಕಾರ ಯೋಗಿನಿಯೊಬ್ಬಳನ್ನು ಬರೆದ. ಸುಮಾರು 1603ರ ಚಿತ್ರ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಬೂದಿ ಬಣ್ಣದ ಮೈ, ತಲೆಯ ಮೇಲೆ ಜಟೆ, ಕೈಯಲ್ಲಿ ಮಾತನಾಡುವಂತಿರುವ ಮೈನಾ ಹಕ್ಕಿ. ಮೈಮೇಲೆ ಉದ್ದ ನಿಲುವಂಗಿ. ಜಟೆ ಶಿವನ ಕಡೆಯದು, ಅಂಗಿ ಪರ್ಷಿಯಾದ ಕಡೆಯದು, ಊರು ನಮ್ಮದು. ಸಲ್ವಾರ್ ಕಮೀಜ್ ‘ನಮ್ಮ ಕಡೆಯದಲ್ಲ’ ಎನ್ನುವವರಿಗೆ ಈ ಚಿತ್ರ ತೋರಿಸಬೇಕು. ಅದು ಕಾಲೇಜು ಹುಡುಗಿಯರ ಉಡುಪಾಗಿ ಹರಡಿದ್ದು 1980ರ ದಶಕದಲ್ಲಿರಬಹುದು. ಅದರ ಅಕ್ಕತಂಗಿಯರು ಮಾತ್ರ ಬಿಜಾಪುರಕ್ಕೆ ನಾನೂರು ವರ್ಷ ಮೊದಲೇ ಬಂದು ಕೂತಿದ್ದರು.

ಮೈಸೂರಿನದೊಂದು ಚಿತ್ರವನ್ನೂ ಹೇಳಿಬಿಡುತ್ತೇನೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಮೂವರು ರಾಜಮನೆತನದ ಹೆಂಗಸರನ್ನು ಬರೆದ. ರೇಷ್ಮೆ, ಚಿನ್ನ, ಗಂಭೀರ ಮುಖಗಳು. ಬಲಗಡೆಯವಳು ಮಾತ್ರ ಸೆರಗು ಸರಿಸಿ ತೋಳು ತೋರಿಸುವಂತೆ ನಿಂತಿದ್ದಾಳೆ. ಬಹಳ ಕಾಲ ಇವರನ್ನು ನರ್ತಕಿಯರು ಎಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆಯೇ ಅರ್ಥ ಹೇಳಿದರು. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು. ರಾಣಿಯೇ ಹಾಕಿಸಿಕೊಂಡಿದ್ದಾಳೆ, ನೀವೂ ಹಾಕಿಸಿಕೊಳ್ಳಿ ಎಂದು ಜನರಿಗೆ ಹೇಳುವುದಕ್ಕೆ ಬರೆಸಿದ ಚಿತ್ರ ಇದು ಎಂಬುದು ಅವರ ವಾದ. ನನಗೆ ಈ ವಾದ ಹಿಡಿಸುತ್ತದೆ. ಒಂದು ಗೇಣು ಸೆರಗು ಸರಿದದ್ದನ್ನು ನೋಡಿ ಮೊದಲು ನರ್ತಕಿ ಅಂದುಕೊಂಡೆವು, ಲಸಿಕೆ ಹೊಳೆಯಲು ಇನ್ನೂರು ವರ್ಷ ಬೇಕಾಯಿತು.

ಇಲ್ಲಿಂದ ಮುಂದೆ ರವಿಕೆಯ ಕಥೆ. ಇದೇ ಜಾಸ್ತಿ ನೋವಿನದು.

ಹತ್ತೊಂಬತ್ತನೇ ಶತಮಾನದ ತಿರುವಾಂಕೂರಿನಲ್ಲಿ, ಕೆಳಜಾತಿ ಎಂದು ಎಣಿಸಲಾಗಿದ್ದ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ದೊಡ್ಡವರ ಮುಂದೆ ಎದೆಯ ಮೇಲಿನ ಬಟ್ಟೆ ತೆಗೆಯುವುದು ಅಲ್ಲಿ ಗೌರವ ತೋರಿಸುವ ರೀತಿ. ನಾಯರ್ ಹೆಂಗಸರೂ ತಮಗಿಂತ ಮೇಲಿನವರ ಮುಂದೆ ಹಾಗೇ ಮಾಡಬೇಕಿತ್ತು. ಕ್ರೈಸ್ತರಾದ ನಾಡಾರ್ ಹೆಂಗಸರು ಮಿಷನರಿಗಳು ಹೊಲಿಸಿಕೊಟ್ಟ ಜಾಕೆಟ್ ತೊಟ್ಟಾಗ ಸಂತೆಯಲ್ಲಿ ಬಟ್ಟೆ ಹರಿದರು, ಮನೆ ಸುಟ್ಟರು. ದಶಕಗಟ್ಟಲೆ ಹೊಡೆದಾಟ ಆಯಿತು. ಕೊನೆಗೆ ಮದ್ರಾಸ್ ಸರ್ಕಾರದ ಒತ್ತಡಕ್ಕೆ 1859ರ ಜುಲೈ 26ರಂದು ಮಹಾರಾಜರ ಆಜ್ಞೆ ಹೊರಬಿತ್ತು. ಜಾಕೆಟ್ ತೊಡಬಹುದು, ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಆದರೆ ಮೇಲ್ಜಾತಿಯ ಹೆಂಗಸರಂತೆ ಮಾತ್ರ ಉಡುವಂತಿಲ್ಲ! ಮೈ ಮುಚ್ಚಿದರೆ ತೊಂದರೆಯಿಲ್ಲ, ನಮ್ಮ ಹಾಗೆ ಕಾಣಬೇಡಿ ಅಷ್ಟೆ. ಅಜಂತಾದಲ್ಲಿ ಹೊಲಿದ ಬಟ್ಟೆ ದಾಸಿಯದು, ಇಲ್ಲಿ ದುಡಿಯುವವಳು ಅದನ್ನು ತೊಟ್ಟದ್ದಕ್ಕೇ ಹೊಡೆದಾಟ. ಬಟ್ಟೆ ಅದಲುಬದಲಾಯಿತು, ಅಂತಸ್ತು ಇದ್ದಲ್ಲೇ ಇತ್ತು.

ಅದೇ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಆಗ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ರವಿವರ್ಮ. ಮುಂಡು ಉಡುವ ಹೆಂಗಸರ ನಡುವೆ ಬೆಳೆದ ಆತ ದೊಡ್ಡವನಾಗಿ ಲಕ್ಷ್ಮಿ, ಸರಸ್ವತಿ, ದಮಯಂತಿ, ಶಕುಂತಲೆಯರನ್ನು ಬರೆದ. ಸೀತೆ ಯಾವ ಸೀರೆ ಉಡಬೇಕು? ಮಲಯಾಳಿ ಮುಂಡು ಉಡಿಸಿದರೆ ಮರಾಠಿಗನಿಗೆ ಅವಳು ನಮ್ಮವಳು ಅನ್ನಿಸುವುದಿಲ್ಲ. ಎಲ್ಲರೂ ಒಪ್ಪುವ ಹಾಗೆ ಅಂಚಿನ ಸೀರೆ, ಎಡಭುಜದ ಮೇಲೆ ಸೆರಗು, ಒಳಗೆ ಕುಪ್ಪಸ ಎಂದಾಯಿತು. 1894ರಲ್ಲಿ ಮುಂಬೈಯ ಘಾಟ್ಕೋಪರ್‌ನಲ್ಲಿ ಅವನ ಅಚ್ಚುಕೂಟ ಶುರುವಾಯಿತು. ಅಲ್ಲಿಂದ ಹೊರಟ ಬಣ್ಣದ ಪಟಗಳು ಮನೆಮನೆಯ ದೇವರ ಕೋಣೆ ಸೇರಿದವು. ದೇವತೆಯೇ ರವಿಕೆ ತೊಟ್ಟ ಮೇಲೆ ಅದು ಹಳೆಯದೇ ಇರಬೇಕು ಎಂದು ಜನ ನಂಬಿದರು. ಐದು ಸಾವಿರ ವರ್ಷದ ಸಂಸ್ಕೃತಿ ಎನ್ನುವ ಮಾತಿನ ಮೂಲ ಬಹುಪಾಲು ಈ ಕ್ಯಾಲೆಂಡರಿನಲ್ಲಿದೆ.

ಆದರೂ ರವಿವರ್ಮನಿಗೆ ವ್ಯತ್ಯಾಸ ಗೊತ್ತಿತ್ತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಮೈಸೂರು ಅರಸರಿಗಾಗಿ ಅವನು ಬರೆದ, ಹನ್ನೊಂದು ಸಂಗೀತಗಾರ್ತಿಯರ ದೊಡ್ಡ ಚಿತ್ರ ಸಿಗುತ್ತದೆ. ವೀಣೆ ನುಡಿಸುವ ನಾಯರ್ ಹೆಂಗಸಿದ್ದಾಳೆ, ಮುಸ್ಲಿಂ ಹೆಂಗಸಿದ್ದಾಳೆ, ಯುರೋಪಿನ ಟೋಪಿ ಹಾಕಿದವಳೂ ಇದ್ದಾಳೆ. ಹನ್ನೊಂದು ಜನ, ಹನ್ನೊಂದು ಬಗೆ. ಜನ ಇದರ ಮುಂದೆ ಅರ್ಧ ನಿಮಿಷ ನಿಂತು, ದೀಪ ಹಿಡಿದ ಹುಡುಗಿಯ ಚಿತ್ರ ಎಲ್ಲಿ ಎಂದು ಕೇಳುತ್ತಾರೆ. ಅದು ರವಿವರ್ಮನದಲ್ಲ, ಎಸ್. ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದ ಜಲವರ್ಣ. ಸೀರೆಯುಟ್ಟು ದೀಪ ಹಿಡಿದ ಒಬ್ಬಳು ಮನಸ್ಸಿನಲ್ಲಿ ಉಳಿಯುತ್ತಾಳೆ, ಆ ಹನ್ನೊಂದು ಜನ ಮರೆತುಹೋಗುತ್ತಾರೆ.

ಚಿತ್ರದಲ್ಲಿ ಆದದ್ದು ಬದುಕಿನಲ್ಲಿ ಬಂಗಾಳದ ಕಡೆಯಿಂದ ಆಯಿತು. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರರ ಹೆಂಡತಿ ಜ್ಞಾನದಾನಂದಿನಿ ದೇವಿ 1864ರಲ್ಲಿ ಗಂಡನ ಜೊತೆ ಮುಂಬೈಗೆ ಹೊರಟರು. ಬಂಗಾಳಿ ಮನೆಯೊಳಗೆ ಉಡುತ್ತಿದ್ದುದು ಒಂಟಿ ಸೀರೆ, ಒಳಗೆ ಏನೂ ಇಲ್ಲ. ಅದನ್ನು ಉಟ್ಟು ಹೊರಗೆ ಕಾಲಿಡುವುದು ಹೇಗೆ? ಮುಂಬೈಯ ಪಾರ್ಸಿ ಹೆಂಗಸರನ್ನು ನೋಡಿ ಒಳಲಂಗ, ಜಾಕೆಟ್, ಮುಂದೆ ನೆರಿಗೆ ಇರುವ ರೀತಿ ಕಲಿತರು. ಪಾರ್ಸಿಗಳ ಸೆರಗು ಬಲಭುಜದ ಮೇಲೆ. ಇವರು ಬಲಗೈ ಬಿಡುವಾಗಿರಲಿ ಎಂದು ಎಡಕ್ಕೆ ಹಾಕಿಕೊಂಡರು. ಕಲಿಯುವ ಆಸೆಯಿದ್ದವರು ಬನ್ನಿ ಎಂದು ಪತ್ರಿಕೆಯಲ್ಲಿ ಜಾಹೀರಾತೂ ಕೊಟ್ಟರು. ನಾವಿಂದು ‘ಮಾಮೂಲಿ ಸೀರೆ’ ಎನ್ನುವುದಕ್ಕೆ ಇವರ ಋಣ ದೊಡ್ಡದು. ಹೆಂಗಸು ಮನೆಯಿಂದ ಹೊರಗೆ ಬರುವುದಕ್ಕೆ ಮಾಡಿಕೊಂಡ ಉಪಾಯ ಅದು. ಅದೇ ಉಡುಪನ್ನು ಮುಂದೆ ಅವಳನ್ನು ಒಳಗಿಡಲು ಬಳಸುತ್ತಾರೆ ಎಂದು ಆಕೆಗೆ ಹೇಗೆ ಗೊತ್ತಾಗಬೇಕು?

ಈ ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಲ್ಲಿ ಬಂದು ಉಳಿದಿದ್ದರು. ಹೊಸ ಸೀರೆಯ ಈ ಸಂಸಾರ ಇದ್ದ ಕಾರವಾರದ ಆಸುಪಾಸಿನ ಹಳ್ಳಿಗಳಲ್ಲೇ ಹಾಲಕ್ಕಿ ಸಮುದಾಯದ ಹೆಂಗಸರಿದ್ದರು. ಕುಪ್ಪಸವಿಲ್ಲ, ಕತ್ತಿನಿಂದ ಎದೆಯವರೆಗೆ ಮಣಿಸರಗಳ ರಾಶಿ, ಭುಜಕ್ಕೆ ಕಟ್ಟಿದ ಸೀರೆ. ಆ ಸೀರೆ ಗದ್ದೆ ಕೆಲಸಕ್ಕೆ, ಗುಡ್ಡ ಹತ್ತುವುದಕ್ಕೆ ಹೇಳಿ ಮಾಡಿಸಿದ್ದು. 2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ತುಳಸಿ ಗೌಡರು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಬಂದದ್ದು ಇದೇ ಉಡುಪಿನಲ್ಲಿ, ಬರಿಗಾಲಲ್ಲಿ. ಎಲ್ಲರೂ ಆ ಫೋಟೋ ಹಂಚಿಕೊಂಡರು, ಕಣ್ಣು ಒದ್ದೆ ಮಾಡಿಕೊಂಡರು. ರವಿಕೆ ಇಲ್ಲದ್ದು ಅಂದು ಯಾರಿಗೂ ಅಸಭ್ಯ ಅನ್ನಿಸಲಿಲ್ಲ, ಅದೇ ಸಂಪ್ರದಾಯ ಅನ್ನಿಸಿತು. ಇದೇ ಉಡುಪನ್ನು ಬೆಂಗಳೂರಿನ ಹುಡುಗಿಯೊಬ್ಬಳು ಉಟ್ಟು ಮೆಟ್ರೋ ಹತ್ತಿದರೆ? ಉತ್ತರ ನಿಮಗೂ ಗೊತ್ತು.

ರವಿಕೆಯ ಲೆಕ್ಕ ನಮ್ಮ ಮನೆಯೊಳಗೂ ಇತ್ತು. ಅಮ್ಮ ಚಿಕ್ಕವಳಿದ್ದಾಗ ಅವಳ ಅಜ್ಜಿಯ ಅಕ್ಕ ಒಬ್ಬರು ಮಡಿ ಹೆಂಗಸಾಗಿದ್ದರಂತೆ. ತಲೆ ಬೋಳಿಸಿ, ಕೆಂಪು ಸೀರೆ, ಒಳಗೆ ರವಿಕೆ ಇಲ್ಲ. ಚಳಿಗಾಲದಲ್ಲಿ ಸೆರಗನ್ನೇ ಎರಡು ಸುತ್ತು ಬಿಗಿದುಕೊಂಡು ಒಲೆಯ ಮುಂದೆ ಕೂತಿರುತ್ತಿದ್ದರಂತೆ. ಅದೇ ಮನೆಯಲ್ಲಿ ರವಿಕೆ ಇಲ್ಲದೆ ಸೊಸೆ ಹಜಾರಕ್ಕೆ ಬಂದರೆ ರಂಪ. ಗಂಡ ಇದ್ದವಳಿಗೆ ಕಡ್ಡಾಯ, ಗಂಡ ಸತ್ತವಳಿಗೆ ನಿಷಿದ್ಧ. ಇಂಥ ಹೆಂಗಸರನ್ನು ರವಿವರ್ಮನ ಪಟಗಳಲ್ಲಿ ಹುಡುಕಬೇಡಿ.

ಒಂದೇ ರೀತಿಯ ಸೀರೆ ಎಲ್ಲರದೂ ಆಗುವಾಗ ಕಳೆದುಹೋದದ್ದೂ ಇದೆ. ಸೀರೆ ಉಡುವ ರೀತಿಗಳು ದೇಶದಲ್ಲಿ ನೂರಕ್ಕೂ ಹೆಚ್ಚು ದಾಖಲಾಗಿವೆ. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ಒಳಲಂಗ ಬೇಡ, ನಾಟಿ ಮಾಡಬಹುದು, ಮರ ಹತ್ತಬಹುದು. ಕೊಡಗಿನಲ್ಲಿ ನೆರಿಗೆ ಹಿಂದಕ್ಕೆ. ಇಳಕಲ್ಲಿನ ಮಗ್ಗದಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ಕೆಂಪು ರೇಷ್ಮೆಯಲ್ಲಿ ಟೋಪಿ ತೆನಿ ಎಂಬ ವಿನ್ಯಾಸ ಎದ್ದು ಕಾಣುವುದು ತಲೆಯ ಮೇಲೆ, ಬೆನ್ನ ಮೇಲೆ ಹೊದ್ದಾಗ. ಪಿನ್ನು ಚುಚ್ಚಿ ನೆರಿಗೆ ಮಾಡಿ ಭುಜದ ಮೇಲೆ ಕೂರಿಸಿದರೆ ನೇಕಾರ ಅಷ್ಟು ಕಷ್ಟಪಟ್ಟ ಜಾಗ ಮಡಿಕೆಯೊಳಗೆ ಹೋಗುತ್ತದೆ. ಈಗ ಕಚ್ಚೆ ಸೀರೆಯೂ ಪೈಜಾಮದ ಹಾಗೆ ಹೊಲಿದು ಬಂದಿದೆ, ಕಾಲು ತೂರಿಸಿದರೆ ಆಯಿತು.

ಇಷ್ಟೆಲ್ಲ ಕಲೆ ನೋಡಿದ ಮೇಲೂ ಒಂದು ಉಡುಪು ಎಲ್ಲೂ ಸಿಗುವುದಿಲ್ಲ. ನೈಟಿ. ಬೆಳಗ್ಗೆ ಆರಕ್ಕೆ ಯಾವ ಬೀದಿಗೆ ಬೇಕಾದರೂ ಹೋಗಿ. ರಂಗೋಲಿ ಹಾಕುವವರು, ಹಾಲು ತರುವವರು, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸುವವರು, ಅರ್ಧಕ್ಕರ್ಧ ಜನ ನೈಟಿಯಲ್ಲಿ. ಕುತ್ತಿಗೆಗೆ ಒಂದು ವೇಲು ಅಥವಾ ಟವೆಲ್ ಬಿದ್ದಿರುತ್ತದೆ, ಅದು ನೈಟಿಯ ಉತ್ತರೀಯ. ಗಾಳಿಯಾಡುತ್ತದೆ, ಜೇಬಿದೆ, ಬೇಗ ಒಣಗುತ್ತದೆ. ಜಾತಿ ಗೊತ್ತಾಗುವುದಿಲ್ಲ, ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳದ ಬಟ್ಟೆ ನಮ್ಮಲ್ಲಿ ಅಪರೂಪ. ಅದಕ್ಕೇ ಇರಬೇಕು, ಅದನ್ನು ಕಂಡರೆ ಕೆಲವರಿಗೆ ಆಗುವುದಿಲ್ಲ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಊರ ಹಿರಿಯರು ಬೆಳಗ್ಗೆ 7ರಿಂದ ಸಂಜೆ 7ರವರೆಗೆ ನೈಟಿ ಹಾಕಿದರೆ 2,000 ರೂಪಾಯಿ ದಂಡ ಎಂದರು. ಹಾಕಿದವರನ್ನು ತೋರಿಸಿಕೊಟ್ಟರೆ 1,000 ರೂಪಾಯಿ ಬಹುಮಾನ.

ಮೊನ್ನೆ ರಾತ್ರಿ ಅಕ್ಕನ ಮಗಳ ಇನ್ನೊಂದು ಸೀರೆ ತರಲು ಆ ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಯಾರದೋ ಧಾರೆ ಸೀರೆ ಹರಡಿತ್ತು. ಅಂಗಡಿಯಾಕೆ ನಾಲ್ಕು ಪಿನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಅಳೆದು ಇಸ್ತ್ರಿ ಒತ್ತುತ್ತಿದ್ದರು. ಹೊರಗೆ ಒಂಬತ್ತು ಸೀರೆ ಸಾಲಲ್ಲಿದ್ದವು. ಆಕೆ ಹಾಕಿಕೊಂಡಿದ್ದದ್ದು ನೀಲಿ ಹೂವಿನ ನೈಟಿ, ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದರು, ಕಚ್ಚೆಯ ಹಾಗೆ.